ಬಿಂದಿಗೆಯ ಬಾಯಿ: ನೀರಿನ ಪರಾವಲಂಬಿಗಳು ಮತ್ತು ಪಾತ್ರೆಯ ಆಕಾರ

ಕುಡಿಯುವ ನೀರಿನ ಪಾತ್ರೆಯ ಮಾತು ಬಂದರೆ ನಮ್ಮಲ್ಲಿ ಚರ್ಚೆ ಲೋಹಕ್ಕೇ ಜೋತುಬೀಳುತ್ತದೆ. ತಾಮ್ರಕ್ಕೆ ಆ ಗೌರವ ಸುಮ್ಮನೆ ಬಂದದ್ದಲ್ಲ: ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಿಂದ ಕಾಲರಾ, ಶಿಗೆಲ್ಲಾ ಮುಂತಾದ ರೋಗಾಣುಗಳನ್ನು ಮತ್ತೆ ಬೆಳೆಸಲಾಗಲಿಲ್ಲ. ಆದರೆ ಅವೆಲ್ಲ ಬ್ಯಾಕ್ಟೀರಿಯಾಗಳು. ಜಿಯಾರ್ಡಿಯಾ, ಎಂಟಮೀಬಾ, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗಳು ನೀರಿನಲ್ಲಿರುವುದು ಗಟ್ಟಿ ಕವಚದ ಸಿಸ್ಟ್‌ಗಳಾಗಿ. ಆ ಫಲಿತಾಂಶವನ್ನು ಇವಕ್ಕೂ ಹಿಗ್ಗಿಸುವಂತಿಲ್ಲ. ಕ್ರಿಪ್ಟೊಸ್ಪೊರಿಡಿಯಂ ಅಂತೂ ನಲ್ಲಿನೀರಿನ ಕ್ಲೋರಿನ್‌ಗೂ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಸಂಸ್ಕರಿಸಿದ ನೀರು ಕುಡಿದೇ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರು. ಮನೆಯಲ್ಲಿ ಕುದಿಸಿದರೆ ಇವು ಸಾಯುತ್ತವೆ, ನಿಜ. ಕುದಿಸಿ ಆರಿಸಿದ ನೀರಿಗೆ ಮತ್ತೆ ಕೈ ಬಿದ್ದರೆ?

ಹಾಗಾಗಿ ಲೋಹಕ್ಕಿಂತ ಮೊದಲು ನೋಡಬೇಕಾದದ್ದು ಪಾತ್ರೆಯ ಬಾಯಿ. ಕೊಡವನ್ನು ಬಗ್ಗಿಸಿ ಸುರಿದುಕೊಳ್ಳಬಹುದು. ಇನ್ನೂರು ಲೀಟರಿನ ಡ್ರಮ್ಮು ಬಗ್ಗುವುದಿಲ್ಲ, ಚೊಂಬು ಅದ್ದಲೇಬೇಕು. ಮೊದಲು ಬೆರಳ ತುದಿ ತೋಯುತ್ತದೆ, ನೀರು ಇಳಿದಂತೆ ಮಣಿಕಟ್ಟು, ತಳ ಕಾಣುವ ಹೊತ್ತಿಗೆ ಮೊಣಕೈ. ವಾರಕ್ಕೊಮ್ಮೆಯೋ ಎರಡು ಸಲವೋ ನಲ್ಲಿ ಬರುವ ಊರಿನಲ್ಲಿ ಡ್ರಮ್ಮು ಯಾರ ಅಶಿಸ್ತೂ ಅಲ್ಲ, ಅನಿವಾರ್ಯ.

1993ರಲ್ಲಿ ಮಲಾವಿಯ ನಿರಾಶ್ರಿತರ ಶಿಬಿರವೊಂದರಲ್ಲಿ ಮೊಜಾಂಬಿಕ್‌ನ ಕುಟುಂಬಗಳಿಗೆ ಮುಚ್ಚಳ ಮತ್ತು ಮೂತಿಯಿದ್ದ 20 ಲೀಟರಿನ ಬಕೆಟ್ ಕೊಟ್ಟು ಪರೀಕ್ಷಿಸಲಾಯಿತು. ಅಲ್ಲಿನ ಬಾವಿನೀರು ಹೆಚ್ಚುಕಡಿಮೆ ಶುದ್ಧವಾಗಿಯೇ ಇತ್ತು. ಕೆಡಿಸುತ್ತಿದ್ದುದು ನೀರು ತುಂಬುವವರ ಕೈ. ಹೊಸ ಬಕೆಟ್‌ಗಳಲ್ಲಿ ಮಲಮೂಲದ ಕೋಲಿಫಾರ್ಮ್ ಸರಾಸರಿ 69% ಇಳಿಯಿತು. ಐದು ವರ್ಷದೊಳಗಿನ ಮಕ್ಕಳ ಭೇದಿ 31% ಕಡಿಮೆಯಾಯಿತಾದರೂ ಈ ಎರಡನೆಯ ಅಂಕಿ ಸಂಖ್ಯಾಶಾಸ್ತ್ರದ ಅಂಚಿನಲ್ಲಿದೆ. ಇದನ್ನು ಬಿಟ್ಟು ಉಲ್ಲೇಖಿಸುವುದು ಸರಿಯಲ್ಲ.

ಕಿರಿದಾದ ಬಾಯಿಗೂ ಬೆಲೆಯಿದೆ. ಕೈ ಹೋಗದ ಪಾತ್ರೆಗೆ ತೊಳೆಯುವ ನಾರೂ ಹೋಗದು. ಒಳಗೋಡೆಗೆ ಲೋಳೆ ಕಟ್ಟುತ್ತದೆ. ಬಿಗಿ ಮುಚ್ಚಳದ ಅಗಲ ಬಾಯಿಯನ್ನು ತೊಳೆಯುವಾಗ ಮಾತ್ರ ತೆರೆದು, ನಿತ್ಯದ ನೀರನ್ನು ತಳದಿಂದ ತುಸು ಮೇಲಿರುವ ನಲ್ಲಿಯಿಂದ ಹಿಡಿಯುವುದು ನನಗೆ ಹೆಚ್ಚು ಒಪ್ಪಿಗೆಯಾದ ವಿನ್ಯಾಸ. ಆದರೆ ಸಾಕ್ಷ್ಯದಲ್ಲೊಂದು ತೊಡಕು ಉಳಿಯುತ್ತದೆ. ಕೋಲಿಫಾರ್ಮ್ ಎಣಿಕೆ ಅಗ್ಗ. ಸಿಸ್ಟ್ ಹುಡುಕಲು ಹತ್ತಾರು ಲೀಟರ್ ನೀರು ಸೋಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಕೂರಬೇಕು. ಕೋಲಿಫಾರ್ಮ್ ಇಲ್ಲದ ನೀರಿನಲ್ಲೂ ಸಿಸ್ಟ್ ಇರಬಹುದಾದ್ದರಿಂದ, ಪಾತ್ರೆಯ ಪ್ರಯೋಗಗಳು ಇವೆರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.