ಪ್ರಯಾಣ ಭತ್ಯೆ: ರಾಯಚೂರು ಸೀಮೆಯಲ್ಲಿ ಅದರ ಚರಿತ್ರೆ

ಸರ್ಕಾರದ ಅಥವಾ ಖಾಸಗಿ ಧಣಿಯ ಕಾರ್ಯನಿಮಿತ್ತವಾಗಿ ಊರು ಬಿಟ್ಟು ಸಂಚರಿಸುವ ನೌಕರನು ಮಾರ್ಗದಲ್ಲಿ ತನ್ನ ಕೈಯಿಂದ ವೆಚ್ಚಮಾಡಿದುದನ್ನು ನಿಯಮಾನುಸಾರವಾಗಿ ಅವನಿಗೆ ತುಂಬಿಕೊಡುವ ಹಣವೇ ಪ್ರಯಾಣ ಭತ್ಯೆ. ಕ್ರಮಿಸಿದ ದೂರಕ್ಕೆ ಮೈಲಿಗಿಷ್ಟು, ಕಿಲೋಮೀಟರಿಗಿಷ್ಟು ಎಂದು ಕೊಡುವುದು ಮೈಲೇಜು. ಪರಸ್ಥಳದಲ್ಲಿ ಕಳೆದ ದಿನಗಳಿಗೆ ಸಲ್ಲುವುದು ದಿನಭತ್ಯೆ. ಇವೆರಡನ್ನೂ ಲೆಕ್ಕಹಾಕಿ ಮೇಲಧಿಕಾರಿಯ ಸಹಿಗೆ ಒಪ್ಪಿಸುವ ಕಾಗದವೇ ಕಚೇರಿಗಳಲ್ಲಿ ಎಲ್ಲರೂ ಬಲ್ಲ ಟಿ.ಎ. ಬಿಲ್ಲು. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ನಿಂತು ಇದರ ಚರಿತ್ರೆಯನ್ನು ನೋಡಿದರೆ, ಕಾರ್ಯಾರ್ಥವಾದ ಪ್ರಯಾಣದ ಭಾರವನ್ನು ಯಾರು ಹೊರತಕ್ಕದ್ದು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳೇ ಅದರಲ್ಲಿ ಕಾಣುತ್ತವೆ.

ದೂರಕ್ಕೆ ತಕ್ಕ ಹಣವೆಂಬ ಕಲ್ಪನೆ ಪಾಶ್ಚಾತ್ಯರಿಂದ ಬಂದುದೆಂದು ಭಾವಿಸಬೇಕಾಗಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಪಂಡಿತರಾಗಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜಭೃತ್ಯರ ಭರಣಪೋಷಣೆಯನ್ನು ಹೇಳುವ ಪ್ರಕರಣದೊಳಗೆ, ಮಧ್ಯಮ ದರ್ಜೆಯ ದೂತನಿಗೆ ಯೋಜನವೊಂದಕ್ಕೆ 10 ಪಣಗಳ ವಿಧಿಯುಂಟು. ಹತ್ತು ಯೋಜನಗಳನ್ನು ಮೀರಿದ ಮೇಲೆ ನೂರು ಯೋಜನಗಳ ಪರ್ಯಂತ ಆ ದರವು ಇಮ್ಮಡಿಯಾಗುತ್ತದೆ. ದೂರ ಹೆಚ್ಚಿದಂತೆ ದೇಹಾಯಾಸವೂ ಅಪಾಯವೂ ಹೆಚ್ಚುವುವೆಂಬ ವಿವೇಚನೆ ಇದರ ಹಿಂದೆ ಇದ್ದಿರಬೇಕು. ಬ್ರಿಟನ್ನಿನಲ್ಲಿ 2011ರಲ್ಲಿ ನಿಗದಿಯಾದ ದರವಾದರೋ ಇದಕ್ಕೆ ನೇರ ವಿರುದ್ಧವಾದುದು: ಸ್ವಂತ ಕಾರಿನಲ್ಲಿ ವರ್ಷದ ಮೊದಲ 10,000 ಮೈಲಿಗಳಿಗೆ ಮೈಲಿಗೆ 45 ಪೆನ್ಸ್, ಅನಂತರ 25 ಪೆನ್ಸ್. ಅಲ್ಲಿ ಲೆಕ್ಕಕ್ಕೆ ಬಂದುದು ಯಂತ್ರದ ಸವೆತ. ಕೌಟಿಲ್ಯನು ಲೆಕ್ಕಿಸಿದುದು ಮನುಷ್ಯನ ಸವೆತ. ಅಶೋಕನ ಮೂರನೆಯ ಮಹಾಶಿಲಾಶಾಸನವು ಯುಕ್ತರು, ರಜ್ಜುಕರು, ಪ್ರಾದೇಶಿಕರು ಎಂಬ ಅಧಿಕಾರಿಗಳು ಐದೈದು ವರ್ಷಕ್ಕೊಮ್ಮೆ ಸಂಚಾರ ಹೊರಡತಕ್ಕದ್ದೆಂದು ವಿಧಿಸುತ್ತದೆ. ಆ ಚಕ್ರವರ್ತಿಯ ಹೆಸರನ್ನೇ ಹೊತ್ತ ಮಸ್ಕಿಯ ಬಂಡೆಗಲ್ಲಿನ ಶಾಸನವು 1915ರಲ್ಲಿ ಈ ಜಿಲ್ಲೆಯಲ್ಲಿಯೇ ಬೆಳಕಿಗೆ ಬಂದುದರಿಂದ, ಅಂಥ ಸಂಚಾರಾಧಿಕಾರಿಗಳ ಹೆಜ್ಜೆ ಈ ನೆಲದ ಮೇಲೂ ಬಿದ್ದಿತ್ತೆಂದು ಊಹಿಸುವುದು ಅಸಂಗತವಾಗಲಾರದು.

ನಡುಗಾಲದ ಸ್ಥಿತಿಯನ್ನು ಬಿಟ್ಟಿಯೆಂಬ ಒಂದು ಮಾತಿನಲ್ಲಿ ಹೇಳಿಬಿಡಬಹುದು. ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ, ಪ್ರವಾಸಕ್ಕೆ ಬಂದ ಅಧಿಕಾರಿಗೆ ಬಂಡಿ, ಎತ್ತು, ಹೊರೆಯಾಳು, ಮೇವು, ಸೌದೆಗಳನ್ನು ಬೆಲೆಯಿಲ್ಲದೆ ಒದಗಿಸುವುದು ದುರ್ಬಲರಾದ ರೈತರ, ಅವರಿಗಿಂತಲೂ ಹೆಚ್ಚಾಗಿ ಅಸ್ಪೃಶ್ಯರೆನ್ನಿಸಿಕೊಂಡವರ, ತಲೆಯ ಮೇಲೆ ಬಿದ್ದ ಹೊರೆಯಾಗಿತ್ತು. ರಾಯಚೂರು ದೋಆಬು 1853ರಲ್ಲಿ ಇಂಗ್ಲಿಷರ ವಶಕ್ಕೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿತು. ಅನಂತರ ದಿವಾನ ಸಾಲಾರ್ ಜಂಗನು 1865ರ ಜಿಲಾಬಂದಿಯಿಂದ ಜಿಲ್ಲೆ, ತಾಲ್ಲೂಕುಗಳ ಸಂಬಳದ ಆಡಳಿತವನ್ನು ನೆಲೆಗೊಳಿಸಿದನು. ಅಧಿಕಾರಿಯ ಸಂಬಳ ಖಜಾನೆಯಿಂದ ಬರತೊಡಗಿದರೂ ಅವನ ಪ್ರಯಾಣದ ಭಾರದಲ್ಲಿ ಬಹುಪಾಲು ಹಳ್ಳಿಯವನ ಎತ್ತಿನ ಹೆಗಲ ಮೇಲೆಯೇ ಉಳಿಯಿತು. ಬೇಗಾರನ್ನು, ಎಂದರೆ ಈ ಬಿಟ್ಟಿಯನ್ನು, ನಿಷೇಧಿಸಿದ ಸಂವಿಧಾನದ 23ನೆಯ ಅನುಚ್ಛೇದವನ್ನು ಈ ಲೇಖನದ ವಿಷಯಕ್ಕೆ ಹೊರಗಾದುದೆಂದು ಯಾರೂ ತಿಳಿಯದಿರಲಿ: ಪ್ರಯಾಣದ ವೆಚ್ಚವು ಧಣಿಯದೇ ಹೊರತು ದಾರಿಯಲ್ಲಿ ಸಿಕ್ಕವನದಲ್ಲವೆಂಬುದು 1950ರಲ್ಲಿ ಆ ಅನುಚ್ಛೇದದಿಂದಲೇ ದೇಶದ ಮೂಲಶಾಸನಕ್ಕೆ ಸೇರಿತು.

ಈ ಮಧ್ಯೆ ಪ್ರಯಾಣದ ಸಾಧನಗಳೇ ಬದಲಾದುವು. 1871ರಲ್ಲಿ ಮುಂಬಯಿಯ ಕಡೆಯ ರೈಲುಮಾರ್ಗವೂ ಮದರಾಸಿನ ಕಡೆಯದೂ ರಾಯಚೂರಿನಲ್ಲಿ ಕೂಡಿದುವು. 1932ರಲ್ಲಿ ನಿಜಾಮ ಸರ್ಕಾರದ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಅಚ್ಚಾದ ಟಿಕೆಟ್ಟಿನ ದರ ಬಂದ ಮೇಲೆ ವೆಚ್ಚವನ್ನು ಊಹಿಸುವ ಕೆಲಸ ತಪ್ಪಿ, ಟಿಕೆಟ್ಟಿಲ್ಲದ ಹಾದಿಗಳಿಗೆ ಮಾತ್ರ ಮೈಲೇಜಿನ ಲೆಕ್ಕ ಉಳಿಯಿತು.

ನಿಯಮಗಳ ಆಧುನಿಕ ಸ್ವರೂಪವು ಬ್ರಿಟಿಷ್ ಭಾರತದಲ್ಲಿ 1922ರ ಜನವರಿ 1ರಿಂದ ಜಾರಿಗೆ ಬಂದ ಮೂಲ ನಿಯಮಗಳಿಂದಲೂ ಅವುಗಳಿಗೆ ಪೂರಕವಾದ ನಿಯಮಗಳಿಂದಲೂ ಸಿದ್ಧವಾಯಿತು. ಭತ್ಯೆಯು ಒಟ್ಟಿನಲ್ಲಿ ನೌಕರನಿಗೆ ಲಾಭದ ಮೂಲವಾಗಕೂಡದೆಂಬುದು ಅವುಗಳ ಬೆನ್ನೆಲುಬು. ಅತಿ ಹತ್ತಿರದ ಮಾರ್ಗವನ್ನು ಹಿಡಿದೇ ಮೈಲೇಜು ಎಣಿಸಬೇಕೆಂಬ ವಿಧಿ ಮೇಲುನೋಟಕ್ಕೆ ಕಠಿಣವಾಗಿ ಕಂಡರೂ, ಹತ್ತಿರದ ಮಾರ್ಗವೆಂದರೆ ಸಾಮಾನ್ಯ ಸಾಧನಗಳಿಂದ ಶೀಘ್ರವಾಗಿ ತಲಪಿಸುವ ಮಾರ್ಗವೆಂದೇ ಅಲ್ಲಿ ವಿವರಿಸಿದೆ. ಕಾರಣವಿದ್ದಲ್ಲಿ ಬೇರೆ ಹಾದಿಯನ್ನು ಮಾನ್ಯಮಾಡುವ ಅಧಿಕಾರವನ್ನೂ ಕೊಟ್ಟಿದೆ. ಮಳೆಗಾಲದಲ್ಲಿ ಎರೆಮಣ್ಣಿನ ಹಾದಿಯಲ್ಲಿ ಬಂಡಿಯ ಗಾಲಿ ಅಚ್ಚಿನವರೆಗೂ ಹೂತುಹೋಗುವ, ಹಳ್ಳ ಬಂದರೆ ಎರಡು ಊರುಗಳ ಸಂಪರ್ಕವೇ ಕಡಿದುಹೋಗುವ ಮಾನ್ವಿ, ದೇವದುರ್ಗದ ಕಡೆಗೆ ಈ ವಿವರಣೆ ಎಷ್ಟು ಅಗತ್ಯವೆಂಬುದನ್ನು ನಕ್ಷೆಯ ಮೇಲೆ ಗೆರೆ ಎಳೆದು ಬಿಲ್ಲನ್ನು ಕತ್ತರಿಸುವವರು ಮರೆಯಬಾರದು.

1956ರ ನವೆಂಬರ್ 1ರಂದು ರಾಯಚೂರು ವಿಶಾಲ ಮೈಸೂರಿಗೆ ಸೇರಿದಾಗ ನೂತನ ರಾಜ್ಯದೊಳಗೆ ಹೈದರಾಬಾದಿನ, ಮುಂಬಯಿಯ, ಮದರಾಸಿನ, ಕೊಡಗಿನ, ಹಳೆಯ ಮೈಸೂರಿನ ಸೇವಾನಿಯಮಗಳು ಒಟ್ಟೊಟ್ಟಿಗೆ ಇದ್ದುವು. 1958ರ ಮೈಸೂರು ನಾಗರಿಕ ಸೇವಾ ನಿಯಮಗಳು, ಎಂದರೆ ಇಂದಿನ ಕರ್ನಾಟಕ ನಾಗರಿಕ ಸೇವಾ ನಿಯಮಗಳು, ಎಲ್ಲರ ಪ್ರಯಾಣ ಭತ್ಯೆಯನ್ನೂ ಒಂದೇ ಸೂತ್ರಕ್ಕೆ ತಂದುವು. ಆಮೇಲೆ ಮೈಲಿ ಹೋಗಿ ಕಿಲೋಮೀಟರು ಬಂದಿತು.

ಇಷ್ಟಾದರೂ ಕೆಳಹಂತದ ಸೇವಕನ ಪ್ರಶ್ನೆ ಬೇರೆಯೇ ಆಗಿತ್ತು. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿರುವ ಹೋಬಳಿಸ್ಥಳವಾದ ಗಿಲ್ಲೆಸುಗೂರಿನಂಥ ಊರಿನಲ್ಲಿ ಹಳೆಯ ತಳವಾರನಿಗಾಗಲಿ ಸೇತ್‌ಸಿಂಧಿಯೆಂಬ ಗ್ರಾಮಸೇವಕನಿಗಾಗಲಿ ಪ್ರಯಾಣದ ಲೆಕ್ಕವೆಂಬುದೇ ಇರಲಿಲ್ಲ. ಹುದ್ದೆಗೆ ಅಂಟಿದ ಭೂಮಿ ಅಥವಾ ಆಯವೇ ಅವನ ಸಂಬಳ, ಅದೇ ಅವನ ಭತ್ಯೆ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮವು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಅಳಿದವು. ಸಂಬಳದ ಗ್ರಾಮಲೆಕ್ಕಿಗನು ಬಂದನು. ಆದರೆ ಕೇಂದ್ರಸ್ಥಳದಿಂದ 5 ಮೈಲಿಯ, ಅನಂತರ 8 ಕಿಲೋಮೀಟರಿನ, ತ್ರಿಜ್ಯದೊಳಗಿನ ಸಂಚಾರಕ್ಕೆ ದಿನಭತ್ಯೆಯಿಲ್ಲವೆಂಬುದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ದಿನವೂ ತಿರುಗುವವನ ಹಳ್ಳಿಗಳೆಲ್ಲ ಆ ವೃತ್ತದೊಳಗೇ ಇದ್ದರೆ ಎಷ್ಟು ನಡೆದರೂ ಬಿಲ್ಲಿಗೆ ವಿಷಯವಿಲ್ಲ. ಈ ಕೊರತೆಯನ್ನು ತುಂಬಲೆಂದೇ ತಿಂಗಳಿಗೆ ಇಂತಿಷ್ಟೆಂಬ ನಿಗದಿತ ಪ್ರಯಾಣ ಭತ್ಯೆ ಹುಟ್ಟಿತು. ಲೆಕ್ಕ ಸುಲಭವಾಯಿತು, ನಿಜ. ಆದರೆ ಪೆಟ್ರೋಲಿನ ಬೆಲೆ ಏರಿದಾಗ ನಿಗದಿತ ಮೊತ್ತವು ತಾನಾಗಿ ಏರುವುದಿಲ್ಲ, ಆ ವ್ಯತ್ಯಾಸವು ನೌಕರನ ಸಂಬಳದೊಳಗಿಂದಲೇ ಹೋಗುತ್ತದೆ. ಏಳನೆಯ ವೇತನ ಆಯೋಗದ ತರುವಾಯ 2017ರಲ್ಲಿ ಕೇಂದ್ರ ಸರ್ಕಾರವು, ಸ್ಥಳೀಯ ದರ ಗೊತ್ತುಪಡಿಸದ ಕಡೆಗಳಲ್ಲಿ, ಸ್ವಂತ ಕಾರಿಗೆ ಕಿಲೋಮೀಟರಿಗೆ ₹24, ಸ್ವಂತ ಸ್ಕೂಟರಿಗೆ ₹12 ಎಂದು ವಿಧಿಸಿ, ತುಟ್ಟಿಭತ್ಯೆ ಶೇ. 50 ಏರಿದಾಗಲೆಲ್ಲ ಈ ದರ ಶೇ. 25 ಏರತಕ್ಕದ್ದೆಂದು ಸೇರಿಸಿದ್ದು ವಿವೇಕದ ಕ್ರಮ.

ಖಾಸಗಿ ಧಣಿಯು ಇಂತಿಷ್ಟೇ ದರ ಕೊಡಬೇಕೆಂದು ಕಟ್ಟುಮಾಡುವ ಶಾಸನ ಭಾರತದಲ್ಲಿಲ್ಲ. ಔಷಧದ, ಬೀಜದ, ಗೊಬ್ಬರದ ಕಂಪನಿಗಳ ಪ್ರತಿನಿಧಿಗಳು ಬೈಕಿನ ಮೇಲೆ ಊರೂರು ಸುತ್ತಿ ಪಡೆಯುವ ಮೈಲೇಜು ನೇಮಕದ ಕರಾರಿನ ಮಾತು. 1936ರ ವೇತನ ಪಾವತಿ ಅಧಿನಿಯಮವೂ 1948ರ ಕನಿಷ್ಠ ವೇತನ ಅಧಿನಿಯಮವೂ ಪ್ರಯಾಣ ಭತ್ಯೆಯನ್ನು ವೇತನದ ವ್ಯಾಖ್ಯೆಯಿಂದ ಹೊರಗಿಟ್ಟುದರಿಂದ, ಕೊಟ್ಟ ಪೆಟ್ರೋಲಿನ ಹಣವನ್ನು ಕೂಲಿಯೆಂದು ತೋರಿಸಲು ಧಣಿಗೆ ಎಡೆಯಿಲ್ಲದಂತಾಯಿತು. 1961ರ ಆದಾಯ ತೆರಿಗೆ ಅಧಿನಿಯಮವೂ ಕರ್ತವ್ಯದ ಪ್ರವಾಸಕ್ಕೆ ಕೊಟ್ಟ ಭತ್ಯೆಯಲ್ಲಿ ನಿಜವಾಗಿ ವೆಚ್ಚವಾದಷ್ಟಕ್ಕೆ ತೆರಿಗೆಯಿಂದ ವಿನಾಯಿತಿಯನ್ನಿತ್ತಿತು. ಅಮೆರಿಕದ ತೆರಿಗೆ ಇಲಾಖೆ ಕಾಲಕಾಲಕ್ಕೆ ಮೈಲಿಯ ದರವನ್ನು ಸಾರುತ್ತದೆ, 2025ಕ್ಕೆ ಅದು 70 ಸೆಂಟು ಆಗಿತ್ತು. ಕ್ಯಾಲಿಫೋರ್ನಿಯಾದಲ್ಲಂತೂ ಕೆಲಸದ ನಿಮಿತ್ತ ನೌಕರನಿಗಾದ ಅಗತ್ಯ ವೆಚ್ಚವನ್ನು ತುಂಬಿಕೊಡುವುದು ಕಾನೂನಿನ ಕಟ್ಟಳೆ.

ಕೂಲಿಕಾರನ ಪ್ರಯಾಣವನ್ನು ನಮ್ಮ ಶಾಸನವು ಒಮ್ಮೆ ನೇರವಾಗಿ ಕಣ್ಣೆತ್ತಿ ನೋಡಿತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಅಧಿನಿಯಮದಂತೆ, ಗುತ್ತಿಗೆದಾರನು ಪರರಾಜ್ಯಕ್ಕೆ ಕರೆದೊಯ್ದ ಕಾರ್ಮಿಕನಿಗೆ ಹೋಗುವ, ಬರುವ ಎರಡೂ ಪ್ರಯಾಣದ ದರಕ್ಕೆ ಕಡಿಮೆಯಾಗದ ಭತ್ಯೆಯನ್ನೂ ಪ್ರಯಾಣದ ದಿನಗಳ ಕೂಲಿಯನ್ನೂ ಕೊಡಬೇಕಾಗಿತ್ತು. ದೇವದುರ್ಗ, ಮಾನ್ವಿಗಳಿಂದ ಗುತ್ತಿಗೆದಾರನ ಹಿಂದೆ ಹೈದರಾಬಾದಿಗೋ ಪುಣೆಗೋ ಗುಳೆ ಹೋಗುವವರು ಈ ವಿಧಿಯ ರಕ್ಷಣೆಗೆ ಅರ್ಹರಾಗಿದ್ದರು. ಹೈದರಾಬಾದಿಗೆ ಹೋಗುವವರಿಗಿಂತ ಹೆಚ್ಚು ದೂರ ಪಯಣಿಸಿ ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಹೋಗುವವರು ರಾಜ್ಯದ ಗಡಿಯನ್ನು ದಾಟದಿರುವುದರಿಂದ ಅದರ ಹೊರಗೆ ಉಳಿದರು. ಆ ಅಧಿನಿಯಮದ ಸ್ಥಾನಕ್ಕೆ ಬಂದ 2020ರ ಕಾರ್ಮಿಕ ಸಂಹಿತೆಯೂ ಆ ಗಡಿಯನ್ನು ಹಾಗೆಯೇ ಇರಿಸಿದೆ.