ಶಾಲೆಯ ವೃಂದಗಾನವೂ ನಾಡಗೀತೆಯ ಧಾಟಿಯೂ

ಕುದುರೆಮುಖದ ಬುಡದ ಸಂಸೆಯಲ್ಲಾಗಲಿ ಬಯಲುಸೀಮೆಯ ಯಾವುದೊಂದು ಗ್ರಾಮದಲ್ಲಾಗಲಿ, ಕನ್ನಡದ ಮಕ್ಕಳು ಶಾಲೆಯಲ್ಲಿ ಒಟ್ಟಾಗಿ ಹಾಡತಕ್ಕ ಹಾಡುಗಳೊಳಗೆ ನಾಡಗೀತೆಗೆ ಅಗ್ರಸ್ಥಾನವುಂಟು. ಇದನ್ನು ರಚಿಸಿದ ಕುವೆಂಪು ಅವರು 1904ರಲ್ಲಿ ಜನಿಸಿದ ಹಿರೇಕೊಡಿಗೆಯು ಸಂಸೆಯಂತೆಯೇ ಚಿಕ್ಕಮಗಳೂರು ಜಿಲ್ಲೆಗೆ ಸೇರಿದುದು. 2004ರಲ್ಲಿ ರಾಜ್ಯ ಸರ್ಕಾರವು ಈ ಪದ್ಯವನ್ನು ನಾಡಗೀತೆಯೆಂದು ಅಂಗೀಕರಿಸಿತು. ಪದ್ಯವು ನಿಶ್ಚಿತವಾದರೂ ಧಾಟಿಯು ನಿಶ್ಚಿತವಾಗಲಿಲ್ಲ. ಆ ವಿವಾದವು ಸುಮಾರು ಹದಿನೆಂಟು ವರ್ಷ ನಡೆಯಿತು. ಇದನ್ನು ಇಬ್ಬರು ಗಾಯಕರ ಅಭಿಮಾನಿಗಳ ಕಲಹವೆಂದು ಹೇಳುವುದು ರೂಢಿ. ಪರ್ಯಾಲೋಚಿಸಿದಲ್ಲಿ, ಒಬ್ಬನು ಹಾಡುವ ಹಾಡಿಗೂ ಹಲವರು ಕೂಡಿ ಹಾಡುವ ಹಾಡಿಗೂ ಇರುವ ಭೇದವೇ ಅದರ ಮೂಲವೆಂದು ತೋರುತ್ತದೆ.

ಈ ಭೇದವು ಪ್ರಾಚೀನರಿಗೆ ವಿದಿತವಾಗಿತ್ತು. ದೇವಗಿರಿಯ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು 13ನೆಯ ಶತಮಾನದ ತನ್ನ ‘ಸಂಗೀತರತ್ನಾಕರ’ದಲ್ಲಿ ವೃಂದಲಕ್ಷಣವನ್ನು ಹೇಳಿರುವನು. (15ನೆಯ ಶತಮಾನದಲ್ಲಿ ಇದಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನು ವಿಜಯನಗರದ ಆಸ್ಥಾನದವನು, ಆದುದರಿಂದ ಈ ಗ್ರಂಥವು ಕನ್ನಡನಾಡಿಗೆ ಹೊರಗಿನದಲ್ಲ.) ಉತ್ತಮವೃಂದದಲ್ಲಿ ಮುಖ್ಯಗಾಯಕರು 4, ಸಮಗಾಯಕರು 8, ಗಾಯನಿಯರು 12, ಕೊಳಲಿನವರು 4, ಮೃದಂಗದವರು 4. ಸಂಖ್ಯೆಗಿಂತಲೂ ಅವನು ಹೇಳುವ ಆರು ಗುಣಗಳು ವಿಚಾರಾರ್ಹವಾದುವು. ಮುಖ್ಯನನ್ನು ಅನುಸರಿಸುವುದು, ಧ್ವನಿಗಳ ಮಿಲನ, ತಾಳಾನುವರ್ತನ, ಒಬ್ಬನ ಧ್ವನಿ ಕಡಿದಲ್ಲಿ ಇನ್ನೊಬ್ಬನು ಅದನ್ನು ನಿರ್ವಹಿಸುವುದು, ಮೂರು ಸ್ಥಾಯಿಗಳಲ್ಲಿ ವ್ಯಾಪಿಸುವ ಶಕ್ತಿ, ಶಬ್ದಸಾದೃಶ್ಯ ಎಂಬಿವೇ ಅವು. ಇವುಗಳಲ್ಲಿ ಸ್ಥಾಯಿತ್ರಯವನ್ನು ಎಳೆಯ ಕಂಠಗಳಿಂದ ಬಯಸಲಾಗದು. ಉಳಿದ ಐದೂ ಅಭ್ಯಾಸಸಾಧ್ಯ. ಒಬ್ಬ ಗಾಯಕನಿಗೆ ಭೂಷಣವಾದ ಆಲಾಪವು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲವೆಂಬುದು ಗಮನಾರ್ಹ.

ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇವರಿಬ್ಬರೂ ಸುಗಮಸಂಗೀತದಲ್ಲಿ ಸಮರ್ಥರು. ಇಬ್ಬರ ಧಾಟಿಗಳೂ ಜನರ ಬಾಯಲ್ಲಿ ನೆಲೆಸಿದವು. 2022ರಲ್ಲಿ ಎಚ್. ಆರ್. ಲೀಲಾವತಿಯವರ ಸಮಿತಿಯ ಶಿಫಾರಸಿನಂತೆ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಸ್ವೀಕರಿಸಿ, ಆಲಾಪವೂ ಪುನರಾವರ್ತನೆಯೂ ಇಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ವಿಧಿಸಿತು. 2024ರಲ್ಲಿ ಉಚ್ಚ ನ್ಯಾಯಾಲಯವು ಈ ಆಜ್ಞೆಯನ್ನು ಎತ್ತಿಹಿಡಿಯಿತು. ಅಶ್ವತ್ಥರ ಧಾಟಿಯನ್ನು ಮೆಚ್ಚಿದವರ ವ್ಯಥೆಯು ನಿರಾಧಾರವೆನ್ನಲಾಗದು. ಆದರೆ ಆಲಾಪವನ್ನು ಬಿಡಿಸಿದ ವಿಧಿಯು ವೃಂದಶಾಸ್ತ್ರಕ್ಕೆ ಸಮ್ಮತವಾದುದೇ.

ಕಾಲಾವಧಿಯನ್ನು ಗೊತ್ತುಮಾಡಿದ ಮಾತ್ರಕ್ಕೆ ಉಪಾಧ್ಯಾಯನ ಕೆಲಸವು ಮುಗಿಯದು. ಗೀತೆಯದು ನಾಲ್ಕು ಮಾತ್ರೆಯ ಗಣಗಳ ನಡೆ. ‘ಜಯ ಭಾರತ ಜನನಿಯ ತನುಜಾತೆ’ ಎಂಬ ಅದರ ಹೆಸರನ್ನೇ ಪ್ರಸ್ತರಿಸಿದರೆ ಮೊದಲ ಮೂರು ಗಣಗಳು ಪೂರ್ಣವಾಗಿವೆ. ಕಡೆಯ ‘ಜಾತೆ’ಯಲ್ಲಿ ಮೂರೇ ಮಾತ್ರೆಗಳು. ಪಾದಾಂತದ ಲಘುವನ್ನು ಗುರುವೆಂದೆಣಿಸಬಹುದಾದುದರಿಂದ ಛಂದಸ್ಸಿನ ಲೆಕ್ಕವು ಸರಿಹೋಗುತ್ತದೆ. ಕಂಠವು ಮಾತ್ರ ಅದನ್ನು ಎಳೆದು ತುಂಬಬೇಕು. ಒಬ್ಬನೇ ಹಾಡುವಾಗ ಎಷ್ಟು ಎಳೆದರೂ ಬಾಧಕವಿಲ್ಲ. ನಲವತ್ತು ಮಕ್ಕಳು ಹಾಡುವಾಗ ಕೆಲವರು ಮುಂಚೆ ಬಿಡುವರು, ಕೆಲವರು ಎಳೆಯುತ್ತಲೇ ಇರುವರು. ಮಿಲನವು ಕೆಡುವುದು ಇಲ್ಲಿಯೇ. ಷಡಕ್ಷರಿ ಎಂಬ ಹೆಸರಿನಲ್ಲಿ ಒಬ್ಬನು ಷಕಾರವನ್ನೂ ಮತ್ತೊಬ್ಬನು ಸಕಾರವನ್ನೂ ನುಡಿದರೆ ಶಬ್ದಸಾದೃಶ್ಯವೂ ಹೋಯಿತು. ಆದಕಾರಣ ಮೊದಲು ರಾಗವಿಲ್ಲದೆ, ಕೈತಾಳದೊಡನೆ ಪದ್ಯವನ್ನು ಓದಿಸಿ, ಪಾದಾಂತದ ಎಳೆತವನ್ನು ಎಣಿಸಿ ಕಲಿಸಿ, ಅನಂತರ ಸ್ವರವನ್ನು ಕೂಡಿಸುವುದು ಯುಕ್ತವಾದ ಕ್ರಮ.

ಸಂಸೆಯಂತಹ ಮಲೆನಾಡಿನ ಊರುಗಳಲ್ಲಿ ಇನ್ನೊಂದು ತೊಡಕುಂಟು. ಮಳೆಗಾಲದಲ್ಲಿ ಮಾಡಿನ ಮೇಲೆ ಮಳೆಯು ಅಬ್ಬರಿಸುತ್ತಿರಲು ಮಕ್ಕಳು ಹಾಡುವುದನ್ನು ಬಿಟ್ಟು ಕೂಗತೊಡಗುವರು; ಕೂಗಿನಲ್ಲಿ ಶ್ರುತಿಯು ಏರುತ್ತ ಹೋಗುವುದು. ಅಂಥಲ್ಲಿ ಗಟ್ಟಿಕಂಠದವರನ್ನೆಲ್ಲ ಮುಂದಿನ ಸಾಲಿಗೆ ತಂದು ನಿಲ್ಲಿಸುವುದು ಸಾಮಾನ್ಯ ಪದ್ಧತಿ. ಶಾರ್ಙ್ಗದೇವನ ನಾಲ್ಕನೆಯ ಗುಣವನ್ನು ನೆನೆದರೆ, ಅವರನ್ನು ಸಾಲುಸಾಲಿಗೆ ಹಂಚಿ, ಉಸಿರು ಸಾಲದ ಮಕ್ಕಳ ಪಕ್ಕದಲ್ಲಿ ಒಬ್ಬೊಬ್ಬರನ್ನಾಗಿ ನಿಲ್ಲಿಸುವುದೇ ಮೇಲು.