ಬರಿಮುಖವೆಂಬ ಮುಖವಾಡ

ಹಾಕಿ ಎಂದ ಕೂಡಲೇ ನಮಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ, ಧ್ಯಾನ್‌ಚಂದ್ ನೆನಪಾಗುತ್ತಾರೆ. ಕೆನಡಾದವರಿಗೆ ಹಾಕಿ ಎಂದರೆ ಬೇರೆಯೇ ಆಟ. ಅದನ್ನು ಆಡುವುದು ಮಂಜುಗಡ್ಡೆಯ ಮೇಲೆ. ಕಾಲಿಗೆ ಉಕ್ಕಿನ ಅಲಗು ಜೋಡಿಸಿದ ಬೂಟು, ಕೈಯಲ್ಲಿ ಉದ್ದನೆಯ ಕೋಲು. ಚೆಂಡಿನ ಬದಲು 'ಪಕ್' ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ತೂಕ ಸುಮಾರು 160 ಗ್ರಾಂ. ಪುಟಿಯದಿರಲಿ ಎಂದು ಪಂದ್ಯಕ್ಕೆ ಮೊದಲು ಅದನ್ನು ಕೊರೆಯುವಷ್ಟು ತಣ್ಣಗೆ ಮಾಡಿಟ್ಟಿರುತ್ತಾರೆ. ತೋಳಿನಲ್ಲಿ ಬಲವಿದ್ದವನು ಬೀಸಿ ಹೊಡೆದರೆ ಅದು ಗಂಟೆಗೆ 150 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಬರುತ್ತದೆ.

ಈ ಆಟದ ಮೊದಲ ಒಳಾಂಗಣ ಪಂದ್ಯ ಮಾಂಟ್ರಿಯಲ್ ನಗರದಲ್ಲಿ ನಡೆದದ್ದು 1875ರಲ್ಲಿ. ಅಲ್ಲಿಂದ ಮುಂದೆ ಎಂಬತ್ತಕ್ಕೂ ಹೆಚ್ಚು ವರ್ಷ ಗೋಲ್‌ಕೀಪರುಗಳು ಆ ಬಿಲ್ಲೆಯ ಎದುರು ಬರಿಮುಖದಲ್ಲೇ ನಿಂತರು. ಮೂಗು ಮುರಿಯಿತು, ಹಲ್ಲು ಉದುರಿತು, ಹುಬ್ಬು ಸೀಳಿತು. ಹೊಲಿಗೆ ಹಾಕಿಸಿಕೊಂಡು ಮತ್ತೆ ಬಂದು ನಿಂತರು. ಹಾಗೆಂದು ಆ ಜನಕ್ಕೆ ರಕ್ಷಣೆಯ ಬುದ್ಧಿಯೇ ಇರಲಿಲ್ಲ ಎನ್ನುವಂತಿಲ್ಲ. 1896ರಲ್ಲೇ ವಿನ್ನಿಪೆಗ್ ತಂಡದ ಗೋಲ್‌ಕೀಪರ್ ಮೆರಿಟ್ ಎಂಬಾತ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ಆಡಿದ್ದ. ಕಾಲಿಗೆ ಪ್ಯಾಡ್ ಕಟ್ಟುವುದು ಬೇಗನೆ ರೂಢಿಯಾಯಿತು. ಕಾಲನ್ನು ಕಾಪಾಡಿಕೊಳ್ಳಲು ಇಲ್ಲದ ನಾಚಿಕೆ ಮುಖವನ್ನು ಕಾಪಾಡಿಕೊಳ್ಳಲು ಯಾಕೆ ಬಂತು?

ಕಾಲು ಬರೀ ಕಾಲು, ಮುಖ ಮಾತ್ರ ಇಜ್ಜತ್ತು. ಕಾರಣ ಇಷ್ಟೇ ಎಂದು ನನಗನ್ನಿಸುತ್ತದೆ. ನಾವೂ 'ಮುಖ ಉಳಿಸಿಕೊಂಡ', 'ಯಾವ ಮುಖ ಇಟ್ಟುಕೊಂಡು ಬಂದೆ' ಎಂದೆಲ್ಲ ಮಾತಾಡುವ ಜನ. ಈ ಗುಟ್ಟು ನಮಗೆ ಅರ್ಥವಾಗದ್ದೇನಲ್ಲ.

ಮೊದಲು ಮುಖ ಮುಚ್ಚಿಕೊಂಡವರು ಯಾರು ಎಂಬುದನ್ನು ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ದಾಖಲೆಗೆ ಸಿಗುವ ಮೊದಲ ಹೆಸರು ಒಬ್ಬ ಹೆಣ್ಣುಮಗಳದು. 1927ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ತಂಡಕ್ಕೆ ಆಡುತ್ತಿದ್ದ ಎಲಿಜಬೆತ್ ಗ್ರಹಾಂ, ಕತ್ತಿವರಸೆಯವರು ತೊಡುವ ಜಾಲರಿಯ ಮುಖಕವಚ ತೊಟ್ಟು ಗೋಲಿನಲ್ಲಿ ನಿಂತಳು. 1936ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಜಪಾನಿನ ತೇಜಿ ಹೊನ್ಮಾ ಕೂಡ ಕವಚ ತೊಟ್ಟಿದ್ದ. ಕೆನಡಾದ ಗಂಡಸುತನದ ಪಂಚಾಯಿತಿಗೆ ಇವರಿಬ್ಬರೂ ಹೊರಗಿನವರು. ಆ ಪಂಚಾಯಿತಿಯ ಮುಂದೆ ಇವರು ಏನನ್ನೂ ರುಜುವಾತು ಮಾಡಬೇಕಿರಲಿಲ್ಲ. ಒಳಗಿನವನಾದ ಕ್ಲಿಂಟ್ ಬೆನೆಡಿಕ್ಟ್ 1930ರಲ್ಲಿ ಮೂಗು ಮುರಿದುಕೊಂಡ ಮೇಲೆ ಚರ್ಮದ ಕವಚವೊಂದನ್ನು ತೊಟ್ಟು ಬಂದನಾದರೂ, ಅದು ಕಣ್ಣಿಗೆ ಅಡ್ಡ ಬರುತ್ತದೆಂದು ಕೆಲವೇ ಪಂದ್ಯಗಳಲ್ಲಿ ಕೈಬಿಟ್ಟ. ಆಮೇಲೆ ಸುಮಾರು ಮೂವತ್ತು ವರ್ಷ ಉತ್ತರ ಅಮೆರಿಕದ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಯಾರೂ ಆ ಗೊಡವೆಗೆ ಹೋಗಲಿಲ್ಲ.

ಈ ಮೌನವನ್ನು ಮುರಿದವನು ಜಾಕ್ ಪ್ಲಾಂಟ್. ಕ್ವಿಬೆಕ್ ಪ್ರಾಂತ್ಯದ ಬಡ ಕುಟುಂಬದಲ್ಲಿ ಹನ್ನೊಂದು ಮಕ್ಕಳಲ್ಲಿ ಹಿರಿಯವನಾಗಿ ಹುಟ್ಟಿದವನು. ಉಸಿರಾಟದ ತೊಂದರೆ ಬೇರೆ. ತನ್ನ ಉಣ್ಣೆ ಟೋಪಿಯನ್ನು ತಾನೇ ಹೆಣೆದುಕೊಳ್ಳುತ್ತಿದ್ದ. ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಆಗಿ ಹೆಸರು ಮಾಡಿದ ಮೇಲೂ ಸಹ ಆಟಗಾರರಿಗೆ ಅವನೊಬ್ಬ ವಿಚಿತ್ರ ಮನುಷ್ಯ. ಫೈಬರ್‌ಗ್ಲಾಸ್‌ನ ಮುಖಕವಚವೊಂದನ್ನು ಮಾಡಿಸಿಕೊಂಡು ಅಭ್ಯಾಸದ ವೇಳೆ ತೊಡುತ್ತಿದ್ದ. ಪಂದ್ಯದಲ್ಲಿ ಮಾತ್ರ ಕೂಡದು ಎಂಬುದು ತರಬೇತುದಾರ ಟೋ ಬ್ಲೇಕ್‌ನ ಹಟ.

1959ರ ನವೆಂಬರ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಂದ್ಯ. ಶುರುವಾಗಿ ಕೆಲವೇ ನಿಮಿಷಗಳಾಗಿದ್ದವು. ಎದುರಾಳಿ ಆ್ಯಂಡಿ ಬಾತ್‌ಗೇಟ್ ಹೊಡೆದ ಬಿಲ್ಲೆ ಪ್ಲಾಂಟನ ಮೂಗಿನ ಬಳಿ ಸೀಳಿತು. ಮಂಜಿನ ಮೇಲೆ ರಕ್ತ. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡ. ಆ ಕಾಲದಲ್ಲಿ ತಂಡಗಳು ಎರಡನೆಯ ಗೋಲ್‌ಕೀಪರನನ್ನು ಜೊತೆಗೆ ಕರೆತರುತ್ತಿರಲಿಲ್ಲ. ಕವಚ ತೊಡಲು ಬಿಟ್ಟರೆ ಮಾತ್ರ ಆಡುತ್ತೇನೆ ಎಂದುಬಿಟ್ಟ ಪ್ಲಾಂಟ್. ಬ್ಲೇಕ್‌ಗೆ ಬೇರೆ ದಾರಿ ಇರಲಿಲ್ಲ. ಮಾಂಟ್ರಿಯಲ್ 3-1ರಿಂದ ಗೆದ್ದಿತು.

ಗಾಯ ಮಾಯುವವರೆಗೆ ಮಾತ್ರ ಎಂಬ ಒಪ್ಪಂದವಿತ್ತು. ಆದರೆ ತಂಡ ಗೆಲ್ಲುತ್ತಲೇ ಹೋಯಿತು. 1960ರ ಮಾರ್ಚ್‌ನಲ್ಲಿ ಬ್ಲೇಕ್‌ನ ಒತ್ತಾಯಕ್ಕೆ ಕವಚ ತೆಗೆದಿಟ್ಟು ಆಡಿದ ಒಂದು ಪಂದ್ಯದಲ್ಲಿ ತಂಡ ಸೋತಿತು. ಮರುಪಂದ್ಯಕ್ಕೇ ಕವಚ ವಾಪಸು ಬಂತು. ಆ ವರ್ಷದ ಸ್ಟ್ಯಾನ್ಲಿ ಕಪ್ಪೂ ಮಾಂಟ್ರಿಯಲ್‌ನದೇ ಆಯಿತು. 'ನಿನಗೆ ಹೆದರಿಕೆಯೇ?' ಎಂದು ಕೇಳಿದವರಿಗೆ, ಪ್ಯಾರಾಚೂಟ್ ಇಲ್ಲದೆ ವಿಮಾನದಿಂದ ಹಾರಿದರೆ ಅದು ಧೈರ್ಯವಾಗುತ್ತದೆಯೇ ಎಂಬರ್ಥದ ಪ್ರಶ್ನೆಯನ್ನು ಪ್ಲಾಂಟ್ ಹಿಂದಿರುಗಿಸಿದ್ದನಂತೆ. 1970ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಬಿಲ್ಲೆಯ ಹೊಡೆತಕ್ಕೆ ಅವನ ಕವಚ ಒಡೆದು, ಪ್ರಜ್ಞೆ ತಪ್ಪಿ ಬಿದ್ದ. ಕವಚವೇ ಜೀವ ಉಳಿಸಿತೆಂದು ಆಮೇಲೆ ಹೇಳಿದ.

ಕವಚ ಬರುವ ಮೊದಲಿನ ಲೆಕ್ಕ ಎಂಥದಿತ್ತು ಎಂಬುದಕ್ಕೆ ಟೆರಿ ಸಾಚುಕ್‌ನ ಮುಖವೇ ಸಾಕ್ಷಿ. 1966ರಲ್ಲಿ 'ಲೈಫ್' ಪತ್ರಿಕೆ ಅವನ ಭಾವಚಿತ್ರವೊಂದನ್ನು ಅಚ್ಚು ಹಾಕಿತು. ವರ್ಷಗಟ್ಟಲೆ ಅವನ ಮುಖಕ್ಕೆ ಬಿದ್ದ ಗಾಯಗಳನ್ನೆಲ್ಲ ಮೇಕಪ್‌ನಿಂದ ಒಟ್ಟಿಗೇ ಮೂಡಿಸಿ ತೆಗೆದ ಚಿತ್ರ. ನೋಡಿದವರಿಗೆ ಅದು ಮನುಷ್ಯನ ಮುಖವೋ, ಹರಿದ ಬಟ್ಟೆಗೆ ಹಾಕಿದ ತೇಪೆಗಳೋ ಎನ್ನಿಸುವಂತಿತ್ತು. ಬಾಸ್ಟನ್‌ನ ಜೆರ್ರಿ ಚೀವರ್ಸ್ ಇದನ್ನೇ ತಮಾಷೆಯಾಗಿ ತಿರುಗಿಸಿದ. ಬಿಲ್ಲೆ ತಾಗಿದಾಗಲೆಲ್ಲ, ಕವಚ ಇಲ್ಲದಿದ್ದರೆ ಬೀಳುತ್ತಿದ್ದ ಹೊಲಿಗೆಯನ್ನು ಅವನ ಬಿಳಿ ಕವಚದ ಮೇಲೆ ಕಪ್ಪು ಶಾಯಿಯಲ್ಲಿ ಬರೆಯಲಾಗುತ್ತಿತ್ತು. ಕೊನೆಗೆ ಕವಚದ ತುಂಬ ಹೊಲಿಗೆ, ಒಳಗಿನ ಮುಖ ಹಾಗೆಯೇ ಉಳಿಯಿತು.

ಗೋಲ್‌ಕೀಪರುಗಳು ಹೀಗೆ ಗೆದ್ದರು. ಉಳಿದ ಆಟಗಾರರ ತಲೆಯ ಕತೆ ಇದಕ್ಕಿಂತ ದೀರ್ಘ, ದುಃಖದ್ದು. 1933ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಎಡ್ಡಿ ಶೋರ್ ಹಿಂದಿನಿಂದ ಕೆಡವಿದ ರಭಸಕ್ಕೆ ಏಸ್ ಬೈಲಿಯ ತಲೆಬುರುಡೆ ಒಡೆಯಿತು. ಬೈಲಿ ಸಾವಿನ ದವಡೆಯಿಂದ ಪಾರಾದ, ಆದರೆ ಮತ್ತೆಂದೂ ಆಡಲಿಲ್ಲ. ಆಮೇಲೆ ಹೆಲ್ಮೆಟ್ ತೊಟ್ಟವನು ಕೆಡವಿದ ಶೋರ್‌ನೇ. ಉಳಿದವರಿಗೆ ಅದು ಪಾಠವಾಗಲಿಲ್ಲ. 1968ರ ಜನವರಿ 13ರಂದು ಮಿನ್ನೆಸೋಟ ತಂಡದ ಬಿಲ್ ಮಾಸ್ಟರ್‌ಟನ್ ಹಿಮ್ಮುಖವಾಗಿ ಬಿದ್ದ. ಬರಿತಲೆ ಮಂಜುಗಡ್ಡೆಗೆ ಬಡಿಯಿತು. ಎರಡು ದಿನಗಳ ನಂತರ ತೀರಿಕೊಂಡ. ವಯಸ್ಸು 29. ಅವನ ಹೆಸರಿನಲ್ಲಿ ಪ್ರಶಸ್ತಿ ಆ ವರ್ಷವೇ ಬಂತು, ಹೆಲ್ಮೆಟ್ಟಿನ ನಿಯಮ ಬರಲು ಇನ್ನೂ ಹನ್ನೊಂದು ವರ್ಷ ಬೇಕಾಯಿತು. ಈ ನಡುವೆ, 1972ರಲ್ಲಿ, ಸೋವಿಯತ್ ತಂಡ ಕೆನಡಾದ ಎದುರು ಆಡಲು ಬಂದಾಗ ಅವರೆಲ್ಲರ ತಲೆಯ ಮೇಲೂ ಹೆಲ್ಮೆಟ್ ಇತ್ತು. ಕೆನಡಾದ ಹೆಚ್ಚಿನವರದು ಬರಿತಲೆ. ಅಷ್ಟಾಗಿ ಸೋವಿಯತ್ ಆಟಗಾರರನ್ನು ಪುಕ್ಕಲರೆನ್ನುವ ಧೈರ್ಯ ಆ ಸರಣಿಯ ನಂತರ ಯಾರಿಗೂ ಉಳಿದಿರಲಿಲ್ಲ.

ಬುದ್ಧಿ ಇರುವವರೂ ಹೀಗೇಕೆ ಮಾಡುತ್ತಾರೆ? ಈ ಪ್ರಶ್ನೆಯನ್ನು ಹಿಡಿದು ಹೊರಟವರು ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್. 2005ರಲ್ಲಿ ನೊಬೆಲ್ ಪಡೆದವರು. 1973ರಲ್ಲಿ ಹಾಕಿ ಹೆಲ್ಮೆಟ್ಟಿನ ಕುರಿತೇ ಒಂದು ಪ್ರಬಂಧ ಬರೆದರು. ಅದರ ಸಾರ ಸರಳ. ಹೆಲ್ಮೆಟ್ ಒಳ್ಳೆಯದೆಂದು ಪ್ರತಿ ಆಟಗಾರನಿಗೂ ಒಳಗೊಳಗೆ ಗೊತ್ತು. ಆದರೆ ಒಬ್ಬನೇ ತೊಟ್ಟರೆ ನಗೆಪಾಟಲು. ಅಕ್ಕಪಕ್ಕ ಕಾಣುವುದೂ ತುಸು ಕಡಿಮೆಯಾದೀತೆಂಬ ಅಳುಕು. ಹಾಗಾಗಿ ಯಾರೂ ತೊಡುವುದಿಲ್ಲ. ಎಲ್ಲರೂ ತೊಡಲೇಬೇಕೆಂದು ನಿಯಮ ಬಂದರೆ ಮಾತ್ರ ಪ್ರತಿಯೊಬ್ಬನಿಗೂ ನೆಮ್ಮದಿ. ನಮ್ಮ ಊರುಗಳಲ್ಲಿ 'ನಾಲ್ಕು ಜನ ಏನಂದಾರು' ಎನ್ನುತ್ತೇವಲ್ಲ, ಆ ನಾಲ್ಕು ಜನರೂ ಒಳಗೇ ಹೆದರಿ ಕೂತಿರುತ್ತಾರೆ. ವರದಕ್ಷಿಣೆಯಿಂದ ಹಿಡಿದು ಸಾಲ ಮಾಡಿ ನಡೆಸುವ ಮದುವೆಯವರೆಗೆ ಈ ಮಾತು ಎಲ್ಲೆಲ್ಲಿ ಅನ್ವಯಿಸುತ್ತದೆಂದು ಓದುಗರೇ ಊಹಿಸಿಕೊಳ್ಳಬಹುದು.

ಕೊನೆಗೆ 1979ರಲ್ಲಿ ನಿಯಮ ಬಂತು. ಅದೂ ಹೊಸದಾಗಿ ಸೇರುವವರಿಗೆ ಮಾತ್ರ. ಹಳಬರು ಬೇಕಿದ್ದರೆ ಬರಿತಲೆಯಲ್ಲೇ ಆಡಬಹುದಿತ್ತು. ಆ ಹಳಬರಲ್ಲಿ ಕೊನೆಯವನಾದ ಕ್ರೇಗ್ ಮ್ಯಾಕ್‌ಟಾವಿಶ್ 1997ರಲ್ಲಿ ನಿವೃತ್ತನಾದ. ಯಾರ ಮುಖಭಂಗವೂ ಆಗದಂತೆ ಒಂದು ಪದ್ಧತಿಯನ್ನು ಮೆಲ್ಲಗೆ ಮುದುಕಾಗಿಸಿ ಕಳಿಸಿಕೊಟ್ಟ ಜಾಣತನ ಇದು.

ಕಣ್ಣಿನ ವಿಷಯದಲ್ಲಿ ಮಕ್ಕಳು ದೊಡ್ಡವರಿಗಿಂತ ಮುಂದೆ ಹೋದರು. ಟೊರೊಂಟೊದ ಕಣ್ಣಿನ ವೈದ್ಯ ಟಾಮ್ ಪಾಶ್ಬಿ 1970ರ ದಶಕದಲ್ಲಿ ಕೆನಡಾದಾದ್ಯಂತ ಹಾಕಿಯಿಂದಾದ ಕಣ್ಣಿನ ಗಾಯಗಳ ಲೆಕ್ಕ ಹಾಕಿಸಿದರು. 1974-75ರ ಒಂದೇ ಋತುವಿನಲ್ಲಿ 43 ಕಣ್ಣುಗಳು ಕುರುಡಾಗಿದ್ದವು. ಈ ಅಂಕಿಯ ಮುಂದೆ ಯಾವ ಗಂಡಸುತನದ ಮಾತೂ ನಿಲ್ಲಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಮಕ್ಕಳ ಆಟಕ್ಕೆ ಪೂರ್ತಿ ಮುಖ ಮುಚ್ಚುವ ಜಾಲರಿ ಬಂತು. ಕುರುಡಾಗುವ ಕಣ್ಣುಗಳ ಸಂಖ್ಯೆ ಇಳಿಯುತ್ತಾ ಹೋಯಿತು. ಸಂಬಳಕ್ಕೆ ಆಡುವ ದೊಡ್ಡವರು ಮಾತ್ರ ಕಣ್ಣಿನ ಮುಂದಿನ ಅರ್ಧ ಗಾಜಿಗೂ ವರ್ಷಗಟ್ಟಲೆ ತಕರಾರು ತೆಗೆದರು. 2000ದ ಮಾರ್ಚ್‌ನಲ್ಲಿ ಬ್ರಯನ್ ಬೆರಾರ್ಡ್‌ನ ಕಣ್ಣಿಗೆ ಎದುರಾಳಿಯ ಕೋಲು ತಗುಲಿ ದೃಷ್ಟಿ ಬಹುಪಾಲು ಹೋದ ಮೇಲೂ, ಹೊಸ ಆಟಗಾರರಿಗೆ ಆ ಗಾಜು ಕಡ್ಡಾಯವಾದದ್ದು 2013ರಲ್ಲಿ.

ಹೆಲ್ಮೆಟ್ ಎಲ್ಲಕ್ಕೂ ಮದ್ದಲ್ಲ ಎಂಬುದೂ ನಿಜ. ಅದು ತಲೆಬುರುಡೆಯನ್ನು ಕಾಯುತ್ತದೆ. ಒಳಗೆ ಅಲುಗಾಡುವ ಮಿದುಳನ್ನು ಪೂರ್ತಿಯಾಗಿ ಕಾಯಲಾರದು. ಹೆಲ್ಮೆಟ್ಟಿನ ಕೆಳಗೆ ಕುತ್ತಿಗೆಯೂ ಇದೆ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಸ್ಕೇಟಿನ ಅಲಗು ತಗುಲಿ ಆ್ಯಡಂ ಜಾನ್ಸನ್ ತೀರಿಕೊಂಡ. ಅವನ ವಯಸ್ಸೂ 29. ಕುತ್ತಿಗೆಪಟ್ಟಿಯ ಬಗ್ಗೆ ಮತ್ತೆ ಅದೇ ಹಳೆಯ ಮಾತುಗಳು ಎದ್ದವು: ಸೆಕೆಯಾಗುತ್ತದೆ, ಅಡ್ಡ ಬರುತ್ತದೆ, ರೂಢಿಯಿಲ್ಲ. ಮತ್ತೆ ಒಂದು ಸಾವಿನ ನಂತರವೇ ನಿಯಮಗಳು ಬರತೊಡಗಿದವು.

ಕನ್ನಡದಲ್ಲಿ ಮುಖವಾಡ ಎಂದರೆ ಸುಳ್ಳಿನ ಇನ್ನೊಂದು ಹೆಸರು. ಈ ಆಟದ ಚರಿತ್ರೆಯಲ್ಲಿ ಅದು ತಿರುವುಮುರುವಾಗಿದೆ. ನೋವಾಗುವುದಿಲ್ಲ, ಹೆದರಿಕೆಯಿಲ್ಲ ಎಂದು ತೋರಿಸುತ್ತಿದ್ದ ಆ ಬರಿಮುಖಗಳೇ ನಿಜವಾದ ಮುಖವಾಡಗಳು. ಫೈಬರ್‌ಗ್ಲಾಸಿನ ಕವಚ ತೊಟ್ಟು ಬಂದ ಪ್ಲಾಂಟ್ 'ನನಗೂ ನೋಯುತ್ತದೆ' ಎಂಬ ಸತ್ಯವನ್ನು ಸಾವಿರಾರು ಜನರ ಮುಂದೆ ಒಪ್ಪಿಕೊಂಡ. ಆ ಒಪ್ಪಿಗೆಗೆ ಬಿಲ್ಲೆಯ ಎದುರು ನಿಲ್ಲುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕಿತ್ತು.